ಹಳ್ಳಿಯ ಸಭೆಗೆ ಬರುವ ಅಯ್ಯನವರು ಹಳ್ಳಿಯಲ್ಲೇ ಕಲಿಯಲಿ

ಸುಗ್ಗಿ ಹಬ್ಬದ ಸುದ್ದಿ ಬರೆಯಬೇಕೆಂದು ನಾವು ಮೂವರು ಗದಗ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಚರ್ಚಿನ ಸುಗ್ಗಿ ಹಬ್ಬ ನೋಡದವರಿಗಾಗಿ ಒಂದೆರಡು ಮಾತು. ಅವತ್ತು ಯಾರು ಏನು ಬೆಳೆದಿದ್ದಾರೋ ಅದನ್ನೇ ದೇವರ ಮುಂದೆ ತಂದಿಡುತ್ತಾರೆ. ಜೋಳದ ಚೀಲ, ಕಡಲೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಹೊಲ ಇಲ್ಲದವರು ಒಂದು ಡಜನ್ ಮೊಟ್ಟೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು ಶುರು. ಐವತ್ತು ರೂಪಾಯಿಯ ಕುಂಬಳಕಾಯಿ ಐದುನೂರಕ್ಕೆ ಹೋಗುತ್ತದೆ. ಕೊಂಡವನು ಅದನ್ನು ಮತ್ತೆ ಚರ್ಚಿಗೇ ಕೊಡುತ್ತಾನೆ, ಮತ್ತೊಮ್ಮೆ ಸವಾಲು. ನಗೆಗೆ ನಗೆ, ದುಡ್ಡಿಗೆ ದುಡ್ಡು.

ಅವತ್ತು ಸವಾಲು ಮುಗಿದು ಜನ ಊಟಕ್ಕೆ ಕೂತಾಗ ಒಬ್ಬ ಅಜ್ಜಿ ಹೊಸ ಅಯ್ಯನವರ ಹತ್ತಿರ ಬಂದರು. ಅಯ್ಯನವರೆಂದರೆ ಸಭಾಪಾಲಕರು, ಪಾಸ್ಟರ್. ಬಂದು ನಾಲ್ಕು ತಿಂಗಳಾಗಿತ್ತು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಾಗದ ತೆಗೆದರು.

"ಅಯ್ಯಾರ, ಪಗಾರ ನಿಂತು ಮೂರು ತಿಂಗಳಾತು. ಇದರಾಗ ಏನ್ ಬರದಾರ ನೋಡಿ ಹೇಳ್ರಿ."

ಪಗಾರ ಅಂದರೆ ವೃದ್ಧಾಪ್ಯ ವೇತನ. ಕಾಗದ ಬಂದದ್ದು ನಾಡಕಚೇರಿಯಿಂದ. ಅಯ್ಯನವರು ಓದಿದರು, ತಿರುಗಿಸಿ ಇನ್ನೊಮ್ಮೆ ಓದಿದರು. ಮುಖ ಕೆಂಪಾಯಿತು. ಕೊನೆಗೆ, "ಪ್ರಾರ್ಥನೆ ಮಾಡೋಣ ಆಯಿ, ದೇವರು ದಾರಿ ತೋರಿಸ್ತಾನೆ" ಅಂದರು.

ಅಜ್ಜಿ ಕೈ ಮುಗಿದೇ ಉತ್ತರ ಕೊಟ್ಟರು. "ಪ್ರಾರ್ಥನಿ ಮಾಡೂಣಂತ್ರಿ. ಆದ್ರ ಮೊದಲ ಎಲ್ಲಿ ಹೋಗಿ ಹೆಬ್ಬಟ್ಟು ಒತ್ತಬೇಕು ಅದನ್ನ ಹೇಳ್ರಿ."

ಸುತ್ತ ಕೂತವರು ನಕ್ಕರು. ನಾವೂ ನಕ್ಕೆವು. ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮ ನಗು ಇಳಿಯಿತು. ಯಾಕೆಂದರೆ ನಮ್ಮ ಕಥೆಯೂ ಅದೇ.

ನಾವು ಪತ್ರಿಕೋದ್ಯಮ ಓದಿದವರು. ಹಳ್ಳಿಯಲ್ಲೇ ಹುಟ್ಟಿದ್ದೇವೆ, ಕಲಿತದ್ದು ಪಟ್ಟಣದಲ್ಲಿ. ಸಂವಹನದ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿ ಪಾಸಾದೆವು. ಊರಿಗೆ ಬಂದು ಮೊದಲ ಸಲ ಗ್ರಾಮಸಭೆಯ ವರದಿ ಮಾಡಲು ಕೂತಾಗ ಕ್ರಿಯಾ ಯೋಜನೆ ಎಂದರೇನು, ನಡಾವಳಿ ಪುಸ್ತಕ ಯಾರ ಹತ್ತಿರ ಇರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಪಂಚಾಯಿತಿಯ ವಾಟರ್‌ಮನ್. ಹಾಗಾಗಿ ಆ ಯುವ ಅಯ್ಯನವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಅವರು ಪ್ರಾಮಾಣಿಕರು, ಓದಿದವರು, ಒಳ್ಳೆಯ ಮನಸ್ಸಿನವರು. ನಮ್ಮ ತಕರಾರು ಇರುವುದು ಅವರನ್ನು ತಯಾರು ಮಾಡಿದ ರೀತಿಯ ಬಗ್ಗೆ. ಹಳ್ಳಿಯ ಸಭೆ ನಡೆಸಬೇಕಾದವರ ತರಬೇತಿಯ ಒಂದು ದೊಡ್ಡ ಪಾಲು ಹಳ್ಳಿಯಲ್ಲೇ, ಹಳ್ಳಿಯ ಕನ್ನಡದಲ್ಲೇ, ಹಳ್ಳಿಯವರ ಕೈಯಲ್ಲೇ ಆಗಬೇಕು. ನಮ್ಮ ಮಾತು ಇಷ್ಟೇ.

"ಇದು ಕ್ರೈಸ್ತರ ವಿಷಯ, ನಮಗೇನು?" ಎಂದು ಕೆಲವರು ಕೇಳಬಹುದು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ಶೇ. 1.87. ಆದರೆ ಅವರ ಚರ್ಚು ಇರುವುದು ನಮ್ಮದೇ ಓಣಿಯ ಕೊನೆಯಲ್ಲಿ. ಅದರ ಅಯ್ಯನವರು ಹೇಗಿದ್ದಾರೆ ಅನ್ನುವುದರ ಮೇಲೆ ಆ ಓಣಿಯ ಶಾಂತಿ, ಅಲ್ಲಿನ ಮಕ್ಕಳ ಓದು, ಅಲ್ಲಿನ ಹೆಂಗಸರ ಧೈರ್ಯ ನಿಂತಿರುತ್ತದೆ. ಮಠ, ಮಸೀದಿ, ಗುಡಿಯ ವಿಷಯದಲ್ಲಿ ನಾವು ಊರವರಾಗಿ ಮಾತಾಡುತ್ತೇವೆ. ಇದೂ ಊರಿನದೇ ವಿಷಯ.

ಅಯ್ಯನವರಾಗುವುದು ಹೇಗೆ?

ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಬೇರೆಬೇರೆ ಮಿಷನ್‌ಗಳಿಂದ ಬಂದ ಪ್ರೊಟೆಸ್ಟೆಂಟ್ ಸಭೆಗಳು ಒಂದಾದವು. ಕರ್ನಾಟಕದಲ್ಲಿ ಇವತ್ತು ಅದಕ್ಕೆ ಮೂರು ಡಯಾಸಿಸ್‌ಗಳಿವೆ: ಬೆಂಗಳೂರು, ಮಂಗಳೂರು, ಧಾರವಾಡ ಕೇಂದ್ರವಾಗಿ. ಇಲ್ಲಿ ಅಯ್ಯನವರಾಗಬೇಕೆಂಬ ಹುಡುಗ ಅಥವಾ ಹುಡುಗಿ ಮೊದಲು ತನ್ನ ಸಭೆಯ ಶಿಫಾರಸು ಪಡೆಯಬೇಕು. ಡಯಾಸಿಸ್ ಸಂದರ್ಶನ ಮಾಡಿ ಆರಿಸುತ್ತದೆ, ದೈವಶಾಸ್ತ್ರ ಕಾಲೇಜಿಗೆ ಕಳಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಬಿ.ಡಿ. ಎಂಬ ಪದವಿ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಗ್ರೀಕ್, ಹೀಬ್ರೂ, ಸಭೆಯ ಚರಿತ್ರೆ, ಬೇರೆ ಧರ್ಮಗಳ ಅಧ್ಯಯನ, ಪಾಲನಾ ಸೇವೆ ಹೀಗೆ ಸಾಕಷ್ಟು ಓದು. ಮುಗಿದ ಮೇಲೆ ಹಿರಿಯ ಪಾಲಕರ ಕೈಕೆಳಗೆ ಕೆಲಸ, ಆಮೇಲೆ ದೀಕ್ಷೆ.

ಈ ಪದವಿ ಕೊಡುವುದು ಬಂಗಾಳದ ಸೆರಾಂಪುರ. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ ಕಾಲೇಜು ಅದು. ಆಗ ಆ ಊರು ಡೆನ್ಮಾರ್ಕ್ ದೊರೆಯ ಕೈಯಲ್ಲಿತ್ತು. ಪದವಿ ಕೊಡುವ ಹಕ್ಕನ್ನು 1827ರಲ್ಲಿ ಆ ದೊರೆಯೇ ಸನ್ನದಿನ ಮೂಲಕ ಕೊಟ್ಟ. ಕನ್ನಡದವರಿಗೆ ಇನ್ನೊಂದು ನಂಟೂ ಇದೆ. ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇದೇ ಸೆರಾಂಪುರದಲ್ಲಿ. ಇವತ್ತಿಗೂ ದೇಶದ ಹಲವು ದೈವಶಾಸ್ತ್ರ ಕಾಲೇಜುಗಳು ಸೆರಾಂಪುರ ಸೆನೆಟ್‌ಗೆ ಸೇರಿವೆ.

ಕ್ಯಾಥೊಲಿಕರಲ್ಲಿ ದಾರಿ ಇನ್ನೂ ಉದ್ದ. ಗುರುಮಠಕ್ಕೆ ಸೇರಿದ ಹುಡುಗ ತತ್ವಶಾಸ್ತ್ರ, ದೈವಶಾಸ್ತ್ರ ಮುಗಿಸಿ ಗುರುಪಟ್ಟ ಪಡೆಯಲು ಎಂಟು ಹತ್ತು ವರ್ಷವೇ ಹಿಡಿಯುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಗುರುಮಠ 1879ರಷ್ಟು ಹಳೆಯದು.

ಮೂರನೆಯ ದಾರಿಯೂ ಇದೆ. ಅದು ಇವತ್ತು ಹಳ್ಳಿಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುತ್ತದೆ. ಯಾವ ಡಯಾಸಿಸ್‌ಗೂ ಸೇರದ ಸ್ವತಂತ್ರ ಪ್ರಾರ್ಥನಾ ಕೂಟಗಳು. ಅಲ್ಲಿನ ಪಾಸ್ಟರುಗಳಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ, ಕೆಲವೇ ತಿಂಗಳ ಬೈಬಲ್ ಕೋರ್ಸು ಮಾಡಿ ಬಂದವರೂ ಇದ್ದಾರೆ. ಏನೂ ಓದದೆ ದೇವರ ಕರೆ ಬಂತು ಎಂದು ಶುರು ಮಾಡಿದವರೂ ಇದ್ದಾರೆ. ಇವರನ್ನು ಕೇಳುವವರು ಯಾರೂ ಇಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಇವರಲ್ಲಿ ಬಹಳ ಜನ ಅದೇ ಊರಿನವರು. ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವು ಬಂದರೆ ಗಾಡಿ ಹೊಂದಿಸಿಕೊಡುವವರು. ಡಯಾಸಿಸ್‌ನ ಅಯ್ಯನವರು ನಾಲ್ಕಾರು ಊರಿನ ಸಭೆ ನೋಡಿಕೊಳ್ಳಬೇಕಾಗಿ ತಿಂಗಳಿಗೆ ಎರಡು ಸಲ ಬರುವಾಗ, ಜನ ಹತ್ತಿರ ಇರುವವರ ಕಡೆ ಹೋಗುವುದು ಸಹಜ.

ಒಬ್ಬರ ಹತ್ತಿರ ಓದಿದೆ, ಊರಿಲ್ಲ. ಇನ್ನೊಬ್ಬರ ಹತ್ತಿರ ಊರಿದೆ, ಓದಿಲ್ಲ. ಎರಡೂ ಒಬ್ಬರಲ್ಲೇ ಇರುವಂತೆ ಮಾಡುವುದು ತರಬೇತಿಯ ಕೆಲಸ.

ಬಲ್ಮಠದ ಗುಡ್ಡದಲ್ಲಿ ನಡೆದದ್ದು

ಇದು ಆಗದ ಮಾತೇನಲ್ಲ. ನಮ್ಮ ನಾಡಿನಲ್ಲೇ ಒಮ್ಮೆ ಅರ್ಧಮಟ್ಟಿಗಾದರೂ ಆಗಿತ್ತು.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದವರೆಗೂ ಹೋದರು. ಅವರಲ್ಲಿ ಹರ್ಮನ್ ಮೊಗ್ಲಿಂಗ್ ಎಂಬವರಿದ್ದರು. ಪತ್ರಿಕೋದ್ಯಮ ಓದಿದ ನಮಗೆಲ್ಲ ಅವರ ಹೆಸರು ಮೊದಲ ಪಾಠ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು ಅವರೇ. ಅದಕ್ಕೇ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಪಠ್ಯದಲ್ಲಿ ನಮಗೆ ಹೇಳದ ಇನ್ನೊಂದು ವಿಷಯವಿದೆ. ಊರಿನ ಹುಡುಗರನ್ನು ಸಭೆಯ ಕೆಲಸಕ್ಕೆ ತಯಾರು ಮಾಡುವ ಶಾಲೆಯ ಹಿಂದೆ ಇದ್ದವರೂ ಅದೇ ಮೊಗ್ಲಿಂಗ್. ಬಲ್ಮಠದ ಆ ಸೆಮಿನರಿ 1847ರಿಂದ ತನ್ನ ಲೆಕ್ಕ ಹಿಡಿಯುತ್ತದೆ. 1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಜೊತೆಗೂಡಿ ಅದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು.

ಒಬ್ಬರೇ ಮನುಷ್ಯ ಪತ್ರಿಕೆಯನ್ನೂ ತಂದರು, ಉಪದೇಶಿಗಳನ್ನೂ ತಯಾರು ಮಾಡಿದರು. ಎರಡಕ್ಕೂ ಬೇಕಾದದ್ದು ಒಂದೇ ಎಂದು ಅವರಿಗೆ ಗೊತ್ತಿತ್ತು: ಜನರ ಮಾತು ಗೊತ್ತಿರಬೇಕು. ಮೊಗ್ಲಿಂಗ್ ಕನ್ನಡದ ಗಾದೆಗಳನ್ನು ಕೂಡಿಸಿದರು. ಜೈಮಿನಿ ಭಾರತ, ದಾಸರ ಪದಗಳಂಥ ಕೃತಿಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ ವರ್ಷಗಟ್ಟಲೆ ದುಡಿದು 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಧರ್ಮ ಹೇಳಲು ಬಂದವರು ಮೊದಲು ಊರಿನ ಮಾತು ಕಲಿಯಲು ಕೂತರು.

ಹಾಗೆಂದು ಎಲ್ಲ ಚಂದವಿತ್ತು ಎಂದು ಹೇಳಲಾರೆವು. ಸ್ಥಳೀಯರನ್ನು ಉಪದೇಶಿ, ಶಿಕ್ಷಕ, ಪಾಲಕರಾಗಿ ತಯಾರು ಮಾಡಿದರು. ಆನಂದರಾವ್ ಕೌಂಡಿನ್ಯ ಬಾಸೆಲ್‌ಗೇ ಹೋಗಿ ಓದಿ 1851ರಲ್ಲಿ ದೀಕ್ಷೆ ಪಡೆದು ಬಂದರು. ಆದರೆ ಹಣದ ಪೆಟ್ಟಿಗೆ, ಆಸ್ತಿ, ಕೊನೆಯ ತೀರ್ಮಾನ ಇವೆಲ್ಲ ಯುರೋಪಿನವರ ಕೈಯಲ್ಲೇ ಉಳಿದವು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಇಂಗ್ಲಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ಹೊರಗೆ ಕಳಿಸಿತು. ಅಷ್ಟು ದೊಡ್ಡ ಸಂಸಾರ ಇದ್ದಕ್ಕಿದ್ದಂತೆ ಊರಿನವರ ಮತ್ತು ಬೇರೆ ಮಿಷನ್‌ಗಳ ಹೆಗಲಿಗೆ ಬಿತ್ತು. ಬೋಧನೆ ಕಲಿಸಿ ಆಡಳಿತ ಕಲಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಡ. ನಾಯಕತ್ವ ಮುಂದೆ ಯಾವಾಗಲೋ ಕೊಡುವ ಬಹುಮಾನವಲ್ಲ. ಅದನ್ನೂ ಮೊದಲ ದಿನದಿಂದ ಕಲಿಸಬೇಕು.

ಹಳ್ಳಿ ಕೇಳುವ ಪ್ರಶ್ನೆಗಳು

ಈಗ ಇವತ್ತಿಗೆ ಬರೋಣ. ನಾವು ಸುತ್ತಾಡಿದ ಸಭೆಗಳಲ್ಲಿ ಒಂದೇ ಪ್ರಶ್ನೆ ಕೇಳಿದೆವು: ನಿಮ್ಮ ಅಯ್ಯನವರಿಗೆ ಏನು ಗೊತ್ತಿರಬೇಕು? "ಚೆನ್ನಾಗಿ ಬೋಧನೆ ಮಾಡಬೇಕು" ಅನ್ನುವುದು ಎಲ್ಲರ ಮೊದಲ ಉತ್ತರ. ಸ್ವಲ್ಪ ಹೊತ್ತು ಕೂತು ಚಹಾ ಕುಡಿದ ಮೇಲೆ ಬೇರೆ ಉತ್ತರಗಳು ಹೊರಬಂದವು.

ಮೊದಲನೆಯದು ಕಾಗದ. ಜಾತಿ ಪ್ರಮಾಣಪತ್ರದ ವಿಷಯವನ್ನೇ ನೋಡಿ. ಹಳ್ಳಿಯ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತ ಕೇರಿಗಳಿಂದ ಬಂದವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ಇಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರಿಗೆ ಪ್ರವರ್ಗ-1ರಲ್ಲಿ ಜಾಗವಿದೆ. ಹಾಸ್ಟೆಲ್ ಅರ್ಜಿಯಲ್ಲಿ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಏನು ಬರೆಯಬೇಕು ಎಂದು ತಿಳಿಯದೆ ವರ್ಷ ಕಳೆದುಕೊಂಡ ಮಕ್ಕಳನ್ನು ನಾವು ನೋಡಿದ್ದೇವೆ. ತಂದೆ ತಾಯಿ ಮೊದಲು ಓಡಿ ಬರುವುದು ಅಯ್ಯನವರ ಹತ್ತಿರ. ಅವರಿಗೇ ತಿಳಿಯದಿದ್ದರೆ?

ಎರಡನೆಯದು ಮಣ್ಣು. ಸತ್ತವರನ್ನು ಹೂಳಲು ಜಾಗ. ಎಷ್ಟೋ ಊರುಗಳಲ್ಲಿ ಕ್ರೈಸ್ತರಿಗೆ ಬೇರೆ ಸ್ಮಶಾನವೇ ಇಲ್ಲ. ಹೆಣ ಮನೆಯಲ್ಲಿಟ್ಟುಕೊಂಡು ತಹಶೀಲ್ದಾರರಿಗೆ ಫೋನು ಮಾಡುವ ಹೊತ್ತು ಬರುತ್ತದೆ. ಅಂಥ ಹೊತ್ತಲ್ಲಿ ಸಿಟ್ಟಿಗೆ ಬಂದ ಹುಡುಗರನ್ನು ತಡೆದು, ಊರ ಹಿರಿಯರ ಹತ್ತಿರ ಕೂತು ಮಾತಾಡಿ, ಪಂಚಾಯಿತಿಗೆ ಅರ್ಜಿ ಬರೆದು ಕೊಡುವ ಮನುಷ್ಯ ಬೇಕು. ಇದು ನಿಜವಾದ ನಾಯಕತ್ವ. ಪಕ್ಕದ ಓಣಿಯವರ ಜಾತ್ರೆಗೆ ಹೋಗಿ ಕೂತು ಬಂದ ಅಯ್ಯನವರ ಮಾತು ಆಗ ನಡೆಯುತ್ತದೆ. ನಾಲ್ಕು ವರ್ಷದಲ್ಲಿ ಯಾರ ಮನೆಗೂ ಹೋಗದವರ ಮಾತು ನಡೆಯುವುದಿಲ್ಲ.

ಮೂರನೆಯದು ಲೆಕ್ಕ. ಸುಗ್ಗಿ ಹಬ್ಬದ ಸವಾಲಿನ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು? ಚರ್ಚಿನ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತವೆ. ಒಂದು ಊರಲ್ಲಿ ಹಿರಿಯರೊಬ್ಬರು ನಮಗೆ ಮೂರು ವರ್ಷದ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ತೋರಿಸಿದರು. ಕಳ್ಳತನ ಏನಿಲ್ಲ, ಪ್ರತಿ ಪೈಸೆ ಬರೆದಿತ್ತು. ಆದರೆ ಓದಿ ಹೇಳಿರಲಿಲ್ಲ. ಓದಿ ಹೇಳದ ಲೆಕ್ಕದ ಮೇಲೆ ಸಂಶಯ ಬೆಳೆಯುತ್ತದೆ, ಸಂಶಯದ ಮೇಲೆ ಎರಡು ಪಂಗಡ. ಆ ಸಭೆ ಈಗ ಎರಡು ಕಡೆ ಆರಾಧನೆ ಮಾಡುತ್ತಿದೆ.

ನಾಲ್ಕನೆಯದನ್ನು ಗಂಡಸರು ಹೇಳಲಿಲ್ಲ, ಹೆಂಗಸರು ಹೇಳಿದರು. ಕುಡಿದು ಬಂದು ಹೊಡೆಯುವ ಗಂಡ, ಹದಿನಾರಕ್ಕೇ ಮದುವೆ ಗೊತ್ತು ಮಾಡಿದ ಮಗಳು, ಸಂಘದ ಸಾಲದ ಕಂತು. "ಇವನ್ನೆಲ್ಲ ಅಯ್ಯಾರ ಮುಂದ ಹೆಂಗ ಹೇಳೂದು? ಅಮ್ಮಾರ ಮುಂದ ಹೇಳತೇವಿ" ಅಂದರು. ಅಮ್ಮನವರೆಂದರೆ ಅಯ್ಯನವರ ಹೆಂಡತಿ. ಸಂಬಳವಿಲ್ಲ, ತರಬೇತಿಯಿಲ್ಲ, ಕೆಲಸ ಮಾತ್ರ ಪೂರ್ತಿ. ಮಿಷನ್ ಕಾಲದಲ್ಲಿ ಬೈಬಲ್ ವುಮನ್ ಎಂದು ಮನೆಮನೆಗೆ ಹೋಗುವ ಹೆಂಗಸರಿದ್ದರು. ಅಕ್ಷರ ಕಲಿಸುತ್ತಿದ್ದರು, ಕಷ್ಟ ಕೇಳುತ್ತಿದ್ದರು. ಆ ಕೆಲಸ ಈಗಲೂ ನಡೆಯುತ್ತಿದೆ, ಹೆಸರು ಮಾತ್ರ ಇಲ್ಲ.

ದಕ್ಷಿಣ ಭಾರತ ಸಭೆ 1976ರಲ್ಲೇ ಹೆಣ್ಣುಮಗಳಿಗೆ ದೀಕ್ಷೆ ಕೊಟ್ಟ ಸಭೆ. 2013ರಲ್ಲಿ ಪುಷ್ಪ ಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪರಾದರು, ಆ ಸಭೆಯ ಮೊದಲ ಮಹಿಳಾ ಬಿಷಪ್. ಮೇಲೆ ಬಾಗಿಲು ತೆರೆದಿದೆ. ಹಳ್ಳಿಯಲ್ಲಿ ಮಾತ್ರ "ಹೆಣ್ಣುಮಗಳು ಅಯ್ಯಾರಾಗಿ ಬಂದ್ರ ರಾತ್ರಿ ಮಣ್ಣಿಗೆ ಹೆಂಗ ಬರ್ತಾಳ?" ಎಂದು ಕೇಳುವವರು ಇನ್ನೂ ಇದ್ದಾರೆ. ರಾತ್ರಿ ಹೆರಿಗೆಗೆ ಆಶಾ ಕಾರ್ಯಕರ್ತೆ ಬರುವುದಿಲ್ಲವೇ? ಅವರು ಬರುವುದಾದರೆ ಇವರೂ ಬರುತ್ತಾರೆ.

ಕನ್ನಡದ ಪ್ರಶ್ನೆ

ಇದಕ್ಕೆ ಬೇರೆಯೇ ಜಾಗ ಬೇಕು. ಮಂಗಳೂರಿನ ಕಾಲೇಜು ಕನ್ನಡದಲ್ಲಿ ಕಲಿಸುತ್ತ ಬಂದಿದೆ, ಅದಕ್ಕೆ ನಮ್ಮ ವಂದನೆ. ಆದರೆ ದೈವಶಾಸ್ತ್ರದ ಪುಸ್ತಕಗಳ ರಾಶಿ ಇರುವುದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಮೊದಲ ಎರಡು ವರ್ಷ ಆ ಇಂಗ್ಲಿಷಿನ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತಾನೆ. ಹೇಗೋ ಕಲಿತು ಊರಿಗೆ ಬಂದಾಗ ಅವನ ಬೋಧನೆಯೇ ಬದಲಾಗಿರುತ್ತದೆ. ಅತ್ತ ಇಂಗ್ಲಿಷೂ ಅಲ್ಲ, ಇತ್ತ ಮನೆಯ ಕನ್ನಡವೂ ಅಲ್ಲ.

ಪಕ್ಕದ ತಮಿಳುನಾಡನ್ನು ನೋಡಿ. ಮದುರೆಯ ಅರಸರಡಿಯಲ್ಲಿ 1969ರಲ್ಲಿ ಶುರುವಾದ ತಮಿಳುನಾಡು ದೈವಶಾಸ್ತ್ರ ಕಾಲೇಜು ತಮಿಳಿನಲ್ಲೇ ಕಲಿಸುವ ಹಟ ಹಿಡಿಯಿತು. ವಿದ್ಯಾರ್ಥಿಗಳು ಹಾಸ್ಟೆಲ್ ಬಿಟ್ಟು ಕೊಳೆಗೇರಿಯಲ್ಲಿ, ಹಳ್ಳಿಯಲ್ಲಿ ಜನರ ನಡುವೆ ಬಾಳಿ ಕಲಿಯುವ ಕ್ರಮ ತಂದು ಹೆಸರಾಯಿತು. ಅಲ್ಲಿ ಪಾಠ ಹೇಳಿದ ಥಿಯೋಫಿಲಸ್ ಅಪ್ಪಾವು ಎಂಬ ಮೇಷ್ಟ್ರು, ಜನ ಕರೆಯುತ್ತಿದ್ದ ಹೆಸರು ಪರಟ್ಟೈ, ಆರಾಧನೆಯ ಹಾಡುಗಳನ್ನು ಹಳ್ಳಿಯ ಆಡುಮಾತಿನಲ್ಲಿ, ಜಾನಪದ ಧಾಟಿಯಲ್ಲಿ ಕಟ್ಟಿದರು. ಕೂಲಿಯವರು ಹಾಡಬಲ್ಲ ಹಾಡೇ ಅವರಿಗೆ ಬೇಕಿತ್ತು. 2005ರಲ್ಲಿ ಅವರು ತೀರಿಕೊಂಡರು, ಹಾಡು ಉಳಿದಿದೆ. ನಮ್ಮಲ್ಲಿ ಗೀಗೀ ಪದವಿದೆ, ಸೋಬಾನೆ ಇದೆ, ತತ್ವಪದವಿದೆ, ಭಜನೆಯ ಮೇಳವಿದೆ. ಯಾವುದಕ್ಕೂ ಕೊರತೆಯಿಲ್ಲ.

ದೂರದ ಇನ್ನೊಂದು ಉದಾಹರಣೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ್ದು. ಅಲ್ಲಿನ ಪ್ರೆಸ್ಬಿಟೇರಿಯನ್ ಸೆಮಿನರಿಯವರಿಗೆ 1960ರ ಸುಮಾರಿಗೆ ಒಂದು ಸತ್ಯ ಹೊಳೆಯಿತು. ರಾಜಧಾನಿಗೆ ಬಂದು ಓದಿದ ಹಳ್ಳಿ ಹುಡುಗರು ಹಳ್ಳಿಗೆ ಮರಳುತ್ತಿಲ್ಲ. ಹಳ್ಳಿಯಲ್ಲಿ ನಿಜವಾಗಿ ಸಭೆ ನಡೆಸುವವರು ಹೊಲ, ಮನೆ, ಮಕ್ಕಳಿರುವ ದೊಡ್ಡವರು, ಅವರು ಹಾಸ್ಟೆಲ್‌ಗೆ ಬರಲಾರರು. ಆಗ ಅವರು ಸೆಮಿನರಿಯನ್ನೇ ಹಳ್ಳಿಗಾಡಿಗೆ ಒಯ್ದರು. 1963ರಿಂದ ಮೇಷ್ಟ್ರುಗಳೇ ಊರೂರಿಗೆ ಹೋಗತೊಡಗಿದರು. ವಾರವಿಡೀ ಮನೆಯಲ್ಲಿ ಓದು, ವಾರಕ್ಕೊಮ್ಮೆ ಕೂಡಿ ಚರ್ಚೆ. ಈ ಕ್ರಮ ಲೋಕವೆಲ್ಲ ಹರಡಿತು. ಇದೇ ಬಗೆಯಲ್ಲಿ ಕಲಿಸುವ ಟಾಫ್ಟಿ ಎಂಬ ಸಂಸ್ಥೆ 1971ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಅಂದರೆ ದಾರಿ ಗೊತ್ತಿದೆ. ನಡೆಯುವುದಷ್ಟೇ ಬಾಕಿ.

ಎದುರು ಮಾತು

ನಾವು ಇದನ್ನೆಲ್ಲ ಒಬ್ಬ ಹಿರಿಯ ಪಾಲಕರ ಮುಂದೆ ಹೇಳಿದಾಗ ಅವರು ತಾಳ್ಮೆಯಿಂದ ಕೇಳಿ ಕೊನೆಗೆ ಹೇಳಿದರು: "ನೀವು ಅಯ್ಯನವರನ್ನು ಗ್ರಾಮ ಒನ್ ಸೆಂಟರ್ ಮಾಡಲಿಕ್ಕೆ ಹೊರಟೀರಿ. ಅರ್ಜಿ ತುಂಬಲಿಕ್ಕೆ ಬೇರೆ ಜನ ಇದ್ದಾರ. ಸಾವಿನ ಮನೆಯೊಳಗ ಏನು ಹೇಳಬೇಕು ಅನ್ನೂದಕ್ಕ ನಾಲ್ಕು ವರ್ಷ ಓದಿದರೂ ಸಾಲೂದಿಲ್ಲ."

ಮಾತು ತೂಕದ್ದು. ಗ್ರೀಕ್, ಹೀಬ್ರೂ, ಚರಿತ್ರೆ ಬೇಡ ಎಂದು ನಾವು ಹೇಳುವುದಿಲ್ಲ. ಆಳವಾಗಿ ಓದಿದವರು ಇಲ್ಲದ ಕಡೆಯೇ "ಮಾತ್ರೆ ಬಿಡು, ನಂಬಿಕೆ ಇದ್ದರೆ ಸಕ್ಕರೆ ಕಾಯಿಲೆ ಹೋಗುತ್ತದೆ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಕಾಣಿಕೆ ಹೆಚ್ಚು ಕೊಟ್ಟಷ್ಟೂ ಆಶೀರ್ವಾದ ಹೆಚ್ಚು ಎನ್ನುವವರು ಬೆಳೆಯುತ್ತಾರೆ. ಇದಕ್ಕೆ ಮದ್ದು ಓದೇ. ಆದರೆ ಸಾವಿನ ಮನೆಯಲ್ಲಿ ಏನು ಹೇಳಬೇಕು ಅನ್ನುವುದು ಗ್ರಂಥಾಲಯದಲ್ಲಿ ಪೂರ್ತಿ ಸಿಗುವುದಿಲ್ಲ. ಹತ್ತು ಸಾವಿನ ಮನೆಯಲ್ಲಿ ಸುಮ್ಮನೆ ಕೂತು ಬಂದವರಿಗೆ ಅದು ಬರುತ್ತದೆ. ಅರ್ಜಿ ತುಂಬುವುದೂ ಹಾಗೆಯೇ. ಅಯ್ಯನವರೇ ತುಂಬಬೇಕಾಗಿಲ್ಲ. ಯಾವ ಬಾಗಿಲಿಗೆ ಹೋಗಬೇಕು ಎಂದು ಹೇಳುವಷ್ಟು ತಿಳಿದಿದ್ದರೆ ಸಾಕು.

ಕಾಲೇಜುಗಳಲ್ಲಿ ಭಾನುವಾರದ ಸಭಾ ಕೆಲಸ, ರಜೆಯ ಶಿಬಿರ ಇದ್ದೇ ಇವೆ. ಕ್ಯಾಥೊಲಿಕ್ ಗುರುಮಠಗಳಲ್ಲಿ ಓದಿನ ನಡುವೆ ರೀಜೆನ್ಸಿ ಎಂಬ ಹೊರಗಿನ ಕೆಲಸದ ಅವಧಿಯಿದೆ. ಆದರೆ ಭಾನುವಾರ ಬಂದು ಹೋಗುವವನಿಗೆ ಭಾನುವಾರದ ಹಳ್ಳಿ ಕಾಣುತ್ತದೆ. ಅವತ್ತು ಎಲ್ಲರೂ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿರುತ್ತಾರೆ. ಬುಧವಾರದ ಹಳ್ಳಿ ಬೇರೆ.

ನಮ್ಮ ಬೇಡಿಕೆ

ಒಂದು: ಪದವಿ ಕೊಡುವ ಮೊದಲು ಒಂದು ಪೂರ್ತಿ ವರ್ಷ, ಮಳೆಯಿಂದ ಮಳೆಯವರೆಗೆ, ವಿದ್ಯಾರ್ಥಿ ಒಂದೇ ಹಳ್ಳಿಯಲ್ಲಿ ಇರಲಿ. ಬಿತ್ತನೆ, ಬರ, ಸುಗ್ಗಿ, ಗುಳೆ ಎಲ್ಲವನ್ನೂ ನೋಡಲಿ. ವರ್ಷದ ಕೊನೆಗೆ ಅಂಕ ಕೊಡುವವರಲ್ಲಿ ಆ ಸಭೆಯ ಇಬ್ಬರು ಹೆಂಗಸರೂ ಇರಲಿ.

ಎರಡು: ಆ ವರ್ಷದಲ್ಲಿ ನಾಡಕಚೇರಿ, ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ತಾಲ್ಲೂಕಿನ ಉಚಿತ ಕಾನೂನು ಸೇವಾ ಸಮಿತಿ ಇವುಗಳ ಬಾಗಿಲು ಗೊತ್ತಾಗಲಿ. ಲೆಕ್ಕ ಬರೆದು ಸಭೆಯ ಮುಂದೆ ಓದುವ ರೂಢಿ ಬೀಳಲಿ.

ಮೂರು: ಪಾಠದ ಪುಸ್ತಕಗಳು ಕನ್ನಡಕ್ಕೆ ಬರಲಿ. ಒಬ್ಬೊಬ್ಬ ಪದವೀಧರ ತಾನು ಓದಿದ ಒಂದು ಅಧ್ಯಾಯವನ್ನು ತನ್ನ ಊರಿನ ಕನ್ನಡದಲ್ಲಿ ಬರೆದು ಕೊಟ್ಟರೂ ಹತ್ತು ವರ್ಷದಲ್ಲಿ ಒಂದು ಕಪಾಟು ತುಂಬುತ್ತದೆ.

ನಾಲ್ಕು: ಅಮ್ಮನವರು, ಸಂಡೇ ಸ್ಕೂಲ್ ಟೀಚರು, ಸಭಾ ಹಿರಿಯರು, ಸ್ವತಂತ್ರ ಕೂಟಗಳ ಪಾಸ್ಟರು ಇವರೆಲ್ಲರಿಗೂ ತಾಲ್ಲೂಕು ಮಟ್ಟದಲ್ಲಿ ವಾರಕ್ಕೊಂದು ಸಂಜೆಯ ಪಾಠ ಇರಲಿ. ಮೇಷ್ಟ್ರು ಬಸ್ಸು ಹತ್ತಿ ಬರಲಿ. ಸಭೆಗಳ ನಡುವಿನ ಬೇಲಿ ಇಷ್ಟಕ್ಕಾದರೂ ಸ್ವಲ್ಪ ಸರಿಯಲಿ.

ಕೇಳುವುದು ಕಾಲೇಜಿನವರನ್ನು ಮಾತ್ರವಲ್ಲ. ಹಳ್ಳಿಯ ಸಭೆಗೂ ಪಾಲಿದೆ. ಬಂದ ವಿದ್ಯಾರ್ಥಿಯನ್ನು ಬೀಗರಂತೆ ಕುರ್ಚಿ ಹಾಕಿ ಕೂರಿಸಬೇಡಿ. ಒಂದು ಕೋಣೆ, ಎರಡು ರೊಟ್ಟಿ ಕೊಡಿ, ಹೊಲಕ್ಕೆ ಕರೆದುಕೊಂಡು ಹೋಗಿ. ತಪ್ಪು ಮಾತಾಡಿದರೆ ತಿದ್ದಿ. ಆಮೇಲೆ ಸಂಬಳದ ಮಾತು. ಮಕ್ಕಳ ಫೀಸು ಕಟ್ಟಲಾಗದ ಸಂಬಳ ಕೊಟ್ಟು, ಅಯ್ಯನವರು ಪಟ್ಟಣಕ್ಕೆ ವರ್ಗ ಕೇಳುತ್ತಾರೆ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಕಳೆದ ತಿಂಗಳು ಆ ಊರಿನ ಕಡೆ ಮತ್ತೆ ಹೋಗಿದ್ದೆವು. ಅಯ್ಯನವರು ಚರ್ಚಿನಲ್ಲಿರಲಿಲ್ಲ. ಮೂವರು ಅಜ್ಜಿಯರನ್ನು ಟಂಟಂನಲ್ಲಿ ಕೂರಿಸಿಕೊಂಡು ನಾಡಕಚೇರಿಗೆ ಹೋಗಿದ್ದರು. ಸಂಜೆ ಸಿಕ್ಕಾಗ, "ಕಾಲೇಜಿನಲ್ಲಿ ಇದನ್ನು ಯಾರೂ ಹೇಳಲಿಲ್ಲ, ಆಯಿ ಹೇಳಿದ್ರು" ಎಂದು ನಕ್ಕರು. ಆ ಅಜ್ಜಿಯ ಪಗಾರ ಶುರುವಾಗಿದೆಯೇ ಎಂದು ಕೇಳಿದೆವು. ಇನ್ನೂ ಇಲ್ಲವಂತೆ, ಆಧಾರ್‌ನಲ್ಲಿ ಹೆಸರು ತಪ್ಪಿದೆ, ತಿದ್ದಿಸಬೇಕಂತೆ. ಮುಂದಿನ ಮಂಗಳವಾರ ಮತ್ತೆ ಹೋಗುತ್ತಾರೆ.

ಅಷ್ಟು ಕಲಿಯಲು ಅವರಿಗೆ ಒಂದು ವರ್ಷ ಹಿಡಿಯಿತು, ಅದೂ ಒಬ್ಬರೇ, ಮುಖ ಕೆಂಪು ಮಾಡಿಕೊಂಡು. ಮುಂದೆ ಬರುವವರು ಇದನ್ನು ಕಲಿತೇ ಬರಲಿ.